ಮಾವನವರ ಡಬಲ್ ಕ್ಲಚ್ಚು

ನಿನ್ನೆ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಕಾರು ನನ್ನ ಮರ್ಯಾದೆ ತೆಗೆಯಿತು. ತಪ್ಪು ಅದರದ್ದೋ ನನ್ನದೋ ಅಂತ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕೆಂಪು ದೀಪ ಬಿತ್ತು. ನ್ಯೂಟ್ರಲ್ಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದೆ. ಇಂಜಿನ್ ತಾನಾಗಿಯೇ ಆಫ್ ಆಯಿತು. ಪೆಟ್ರೋಲ್ ಉಳಿತಾಯವಂತೆ. ಹಸಿರು ಬಿದ್ದಾಗ ಕ್ಲಚ್ ಒತ್ತಿದರೆ ಸಾಕು, ಅದೇ ಸ್ಟಾರ್ಟ್ ಆಗುತ್ತದೆ. ಇದು ನನಗೆ ಗೊತ್ತು, ನನ್ನ ಕೈಗೆ ಗೊತ್ತಿಲ್ಲ. ಹಿಂದಿನ ಟೆಂಪೋದವನು ಹಾರ್ನ್ ಹೊಡೆದ. ಕಾಲು ಕ್ಲಚ್ ಒತ್ತಿತು, ಕೈ ಸ್ಟಾರ್ಟ್-ಸ್ಟಾಪ್ ಬಟನ್ ಒತ್ತಿತು. ಕಾಲು ಎಬ್ಬಿಸಿದ್ದನ್ನು ಕೈ ಮಲಗಿಸಿತು. ಮತ್ತೆ ಬಟನ್ ಒತ್ತಿದೆ, ಎದ್ದಿತು. ಗಾಬರಿಯಲ್ಲಿ ಗೇರ್ ಹಾಕಿ ಕ್ಲಚ್ ಪಟ್ಟನೆ ಬಿಟ್ಟೆ. ಒಂದು ಜರ್ಕ್ ಹೊಡೆದು ಸತ್ತಿತು. ಈ ಕಾರು ಎಷ್ಟು ಒಳ್ಳೆಯದೆಂದರೆ, ಹಾಗೆ ಸತ್ತರೂ ಕ್ಲಚ್ ಒತ್ತಿದ ತಕ್ಷಣ ತಾನೇ ಎದ್ದು ಕೂರುತ್ತದೆ. ಕೂತಿತು. ಕೂತದ್ದು ತಿಳಿಯದೆ ನಾನು ಮತ್ತೆ ಬಟನ್ ಒತ್ತಿದೆ.

ಅಷ್ಟರಲ್ಲಿ ಕೆಂಪು ಬಿತ್ತು. ಟೆಂಪೋದವನು ಇಳಿದು ಬಂದು, "ಸಾರ್, ತಳ್ಬೇಕಾ?" ಎಂದ. ಆಯುಧ ಪೂಜೆಯ ಹಾರದ ದಾರ ಇನ್ನೂ ಬಂಪರಿನಲ್ಲಿರುವ ಹೊಸ ಕಾರು ಸ್ವಾಮಿ!

ಪಕ್ಕದಲ್ಲಿ ಮಾವನವರಿದ್ದರು. ಏನೂ ಮಾತಾಡಲಿಲ್ಲ. ಅವರ ಎಡಗಾಲು ಮಾತ್ರ ಮ್ಯಾಟಿನ ಮೇಲೆ ಮಾತಾಡುತ್ತಿತ್ತು.

ಅವರು ಇಪ್ಪತ್ತೆಂಟು ವರ್ಷ ಪಾವಗಡ ರೂಟಿನಲ್ಲಿ ಬಸ್ ಓಡಿಸಿದವರು. ಆ ಕಾಲದ ಬಸ್ಸಿಗೆ ಡಬಲ್ ಕ್ಲಚ್ ಬೇಕಿತ್ತು. ಒಮ್ಮೆ ಒತ್ತಿ ನ್ಯೂಟ್ರಲ್, ಬಿಟ್ಟು ಇನ್ನೊಮ್ಮೆ ಒತ್ತಿ ಗೇರು. ಇಲ್ಲದಿದ್ದರೆ ಗೇರ್‌ಬಾಕ್ಸ್ ಕರಕರ ಅಂತ ಬೈಯುತ್ತಿತ್ತು. ಹಾಗಾಗಿ ನಾನು ಒಂದು ಸಲ ಗೇರ್ ಬದಲಿಸಿದರೆ ಮಾವನವರು ಎಡಗಡೆ ಸೀಟಿನಲ್ಲಿ ಕೂತು ಎರಡು ಸಲ ಮ್ಯಾಟ್ ಒತ್ತುತ್ತಾರೆ. ಧಪ್, ಧಪ್. ಡ್ಯಾಶ್‌ಬೋರ್ಡಿನಲ್ಲಿ ಬಾಣದ ಗುರುತು ಬಂದು "ಮೂರನೇ ಗೇರಿಗೆ ಹೋಗು" ಅನ್ನುತ್ತದೆ. ಅದು ಬರುವ ಮೊದಲೇ ಧಪ್, ಧಪ್. ನಾನು ತಡ ಮಾಡಿದರೆ ಒಂದು ಸಣ್ಣ ಕೆಮ್ಮು. ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಿ ಬರುವಷ್ಟರಲ್ಲಿ ನನಗಿಂತ ಅವರೇ ಜಾಸ್ತಿ ಸುಸ್ತಾಗಿರುತ್ತಾರೆ. ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಇವತ್ತು ಟ್ರಾಫಿಕ್ ಜಾಸ್ತಿ" ಅನ್ನುತ್ತಾರೆ.

ಉಳಿದ ಕಾಟಗಳೂ ಇವೆ. ಎಂಬತ್ತು ದಾಟಿದರೆ ಬೀಪ್. 2019ರಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ, ಇರಲಿ ಬಿಡಿ. ಆದರೆ ಚೇಳೂರಿನಿಂದ ತಂದ ಹಲಸಿನ ಹಣ್ಣನ್ನು ಮುಂದಿನ ಸೀಟಿನಲ್ಲಿಟ್ಟರೆ ಅದಕ್ಕೂ ಬೆಲ್ಟ್ ಹಾಕಬೇಕು. ಹಾಕಿದ್ದೇನೆ.

ಕಳೆದ ಶನಿವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ಏರಿನ ತಿರುವಿನಲ್ಲಿ ಮುಂದಿನ ಕಾರು ನಿಂತಿತು. ನಮ್ಮ ಕಾರಿಗೆ ಹಿಲ್ ಹೋಲ್ಡ್ ಇದೆ. ಬ್ರೇಕಿನಿಂದ ಕಾಲು ತೆಗೆದರೂ ಎರಡು ಸೆಕೆಂಡ್ ಕಾರನ್ನು ಹಿಡಿದಿರುತ್ತದೆ. ಆಮೇಲೆ ಬಿಟ್ಟುಬಿಡುತ್ತದೆ, ಸಾಲ ತಗೊಂಡ ನೆಂಟನ ಹಾಗೆ ಒಂದು ಮಾತೂ ಹೇಳದೆ. ಅದನ್ನು ನಂಬಿ ನಂಬಿ ನನ್ನ ಎಡಗಾಲಿಗೆ ಕ್ಲಚ್ ಎಲ್ಲಿ ಕಚ್ಚುತ್ತದೆ ಅನ್ನೋದೇ ಮರೆತುಹೋಗಿದೆ. ಎರಡು ಸೆಕೆಂಡ್ ಆಯಿತು. ಕಾರು ಹಿಂದಕ್ಕೆ ಜಾರಿತು. ಹಿಂದೆ ಸ್ಕೂಟರಿನಲ್ಲಿ ಗಂಡ, ಹೆಂಡತಿ, ಮಗು. ರಿವರ್ಸ್ ಗೇರಿನಲ್ಲಿ ಇರಲಿಲ್ಲವಲ್ಲ, ಅದಕ್ಕೇ ಹಿಂದಿನ ಸೆನ್ಸರ್ ಕೂಡ ಸುಮ್ನೆ ಕೂತಿತ್ತು.

ಮಾವನವರ ಕೈ ಹ್ಯಾಂಡ್‌ಬ್ರೇಕ್ ಎಳೆದಿತ್ತು. "ಗಡಿಬಿಡಿ ಬೇಡ. ಅರ್ಧ ಬಿಡು. ಸೌಂಡ್ ಇಳೀತಾ? ಇನ್ನೊಂಚೂರು. ಮೂತಿ ಎತ್ತುತ್ತೆ ನೋಡು." ಬಾನೆಟ್ ನಿಜವಾಗಿಯೂ ಒಂದಿಷ್ಟು ಮೇಲೆದ್ದಿತು. "ಹಾಂ, ಈಗ ಆಕ್ಸಿಲರೇಟರ್ ಕೊಡು." ಅವರು ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರು ಬೆಣ್ಣೆಯ ಹಾಗೆ ಏರಿತು.

ಎಡ ಮಂಡಿಯ ಆಪರೇಷನ್ ಆದ ಮೇಲೆ ಮಾವನವರು ಸ್ಟೀರಿಂಗ್ ಮುಟ್ಟಿಲ್ಲ. ಯಾರೂ ಬೇಡ ಅಂದಿರಲಿಲ್ಲ. ತಾವೇ ಒಂದು ದಿನ ಕೀ ತಂದು ನನ್ನ ಕೈಗಿಟ್ಟು, ಪೇಪರ್ ಓದಲು ಕೂತರು.

ಇವತ್ತು ಬೆಳಿಗ್ಗೆ ತೊಳೆಯಲು ಮ್ಯಾಟ್‌ಗಳನ್ನು ಹೊರಗೆ ತೆಗೆದೆ. ನನ್ನ ಕಡೆಯದು ಶೋರೂಮಿನಿಂದ ಬಂದ ಹಾಗೇ ಇತ್ತು. ಅವರ ಕಡೆಯದು ಎಡಗಾಲಿನ ಜಾಗದಲ್ಲಿ ಸವೆದು ನುಣ್ಣಗಾಗಿತ್ತು.