ಲೈಟ್ ಆನ್ ಆಗಿದೆ ಸಾರ್!

ಇವತ್ತು ಬೆಳಿಗ್ಗೆ ಕೋಣನಕುಂಟೆ ಕ್ರಾಸ್ ದಾಟಿ ಸಾರಕ್ಕಿ ಸಿಗ್ನಲ್ ತಲುಪುವಷ್ಟರಲ್ಲಿ ನಾಲ್ಕು ಜನ ನನ್ನ ಬೈಕಿನ ಲೈಟ್ ಉರಿಯುತ್ತಿದೆ ಎಂದು ತಿಳಿಸಿದರು. ಮೊದಲನೆಯವರು ಹಾಲಿನ ಕ್ಯಾನ್ ಕಟ್ಟಿಕೊಂಡು ರಾಂಗ್ ಸೈಡಿನಲ್ಲಿ ನನ್ನ ಎದುರಿಗೇ ಬರುತ್ತಿದ್ದರು. ಅಂಥ ಹೊತ್ತಿನಲ್ಲೂ ಅವರಿಗೆ ನನ್ನ ಬ್ಯಾಟರಿಯ ಚಿಂತೆ. ಎರಡನೆಯವರು ಆಟೋದಿಂದ ಕತ್ತು ಹೊರಗೆ ಹಾಕಿ ಹೇಳಿದರು. ಮೂರನೆಯವರು ಹಾರ್ನ್ ಹೊಡೆದು, ನಾನು ಗಾಬರಿಯಿಂದ ತಿರುಗಿದ ಮೇಲೆ ಹೇಳಿದರು. ನಾಲ್ಕನೆಯದು ಅಪ್ಪನ ಸ್ಕೂಟರಿನ ಮುಂದೆ ನಿಂತಿದ್ದ ಯೂನಿಫಾರ್ಮಿನ ಪುಟ್ಟ ಹುಡುಗಿ. "ಅಂಕಲ್, ಲೈಟೂ...!"

ಹೇಳುವುದು ಅಂದೆನಲ್ಲ, ಬಹಳ ಜನ ಬಾಯಿ ಬಿಡುವುದಿಲ್ಲ. ಕೈ ಎತ್ತಿ, ಐದೂ ಬೆರಳು ಕೂಡಿಸಿ, ಪಕ್ಕನೆ ಬಿಡಿಸಿ, ಮತ್ತೆ ಕೂಡಿಸುತ್ತಾರೆ. ಭರತನಾಟ್ಯದಲ್ಲಿ ಮುಕುಳ, ಅಲಪದ್ಮ ಅಂತ ಎರಡು ಹಸ್ತಗಳಿವೆ. ಒಂದು ಮೊಗ್ಗು, ಇನ್ನೊಂದು ಅರಳಿದ ತಾವರೆ. ಕನಕಪುರ ರಸ್ತೆಯಲ್ಲಿ ದಿನಾ ಬೆಳಿಗ್ಗೆ ನನ್ನೊಬ್ಬನಿಗಾಗಿ ಎಷ್ಟು ತಾವರೆ ಅರಳುತ್ತವೋ ಲೆಕ್ಕ ಇಟ್ಟಿಲ್ಲ.

ವಿಷಯ ಏನೆಂದರೆ, ಆ ಲೈಟನ್ನು ನಾನು ಹಾಕಿಲ್ಲ. ಆರಿಸಲೂ ಬರುವುದಿಲ್ಲ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯಲೇಬೇಕು ಅಂತ ಕಾನೂನಾಗಿದೆ. ಬೈಕು ಚಿಕ್ಕದು, ಲಾರಿ ಬಸ್ಸಿನವರ ಕಣ್ಣಿಗೆ ಬೀಳಲಿ ಅಂತ. ಹಾಗಾಗಿ ಸ್ವಿಚ್ಚನ್ನೇ ತೆಗೆದುಬಿಟ್ಟರು. ಮೊದಮೊದಲು ನಾನು ಇದನ್ನೆಲ್ಲ ಸಿಗ್ನಲ್ಲಿನಲ್ಲಿ ನಿಂತು ವಿವರಿಸುತ್ತಿದ್ದೆ. ಸಿಗ್ನಲ್ ನಲವತ್ತು ಸೆಕೆಂಡು, ನನ್ನ ಭಾಷಣಕ್ಕೆ ಒಂದು ನಿಮಿಷ ಬೇಕು. ಕೇಳುವವರಿಗೆ "2017ರ ಏಪ್ರಿಲ್" ಅನ್ನುವವರೆಗೆ ಮಾತ್ರ ದಕ್ಕುತ್ತಿತ್ತು. ಪಾಪ, ಅವತ್ತಿನಿಂದ ಆರಿಸಿಯೇ ಇಲ್ಲ ಇವನು ಅಂದುಕೊಂಡು ಹೋಗುತ್ತಿದ್ದರು.

ಸುಮ್ನೆ ಬೈಯುತ್ತಿಲ್ಲ. ಈ ಕೈಸನ್ನೆಗಳಲ್ಲಿ ಕೆಲವು ನಿಜಕ್ಕೂ ಜೀವ ಉಳಿಸುತ್ತವೆ. "ಸ್ಟ್ಯಾಂಡ್! ಸ್ಟ್ಯಾಂಡ್!" ಅಂತ ಯಾರೋ ಕಿರುಚದೆ ಇದ್ದಿದ್ದರೆ ನಾನು ಎಷ್ಟು ತಿರುವಿನಲ್ಲಿ ಮಲಗಿರುತ್ತಿದ್ದೆನೋ. ಹಿಂದೆ ಕೂತವರ ಸೀರೆ ಸೆರಗು, ವೇಲು ಚಕ್ರದ ಹತ್ತಿರ ಜೋತಾಡುತ್ತಿದ್ದರೆ ಬೆನ್ನಟ್ಟಿ ಬಂದು ಹೇಳುವವರಿಗೆ ಕೈ ಮುಗಿಯಬೇಕು. ಇನ್ನು ಎದುರಿನಿಂದ ಬರುವವರು ತಲೆ ತಟ್ಟಿಕೊಂಡರೆ ಮುಂದೆ ಮಾಮ ನಿಂತಿದ್ದಾರೆ, ಹೆಲ್ಮೆಟ್ ಹಾಕ್ಕೋ ಅಂತ ಅರ್ಥ. 2016ರ ಜನವರಿಯಿಂದ ನಮ್ಮಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆಯಿತಲ್ಲ, ಆಮೇಲೆ ಕೆಲವರು ಎರಡೆರಡು ಸಲ ತಟ್ಟಿಕೊಳ್ಳುತ್ತಾರೆ. ಇದು ಉಪಕಾರವೋ ಅಪರಾಧವೋ, ನೀವೇ ತೀರ್ಮಾನಿಸಿ.

ಆದರೆ ಬಾಯಲ್ಲಿ ಸಲಹೆ ಕೊಡುವವರದು ಬೇರೆಯೇ ಜಾತಿ. ನಮ್ಮ ಬೀದಿಯಲ್ಲಿ ಒಬ್ಬರು ಇದ್ದಾರೆ. ಬೀದಿಗೆಲ್ಲ ಯೆಜ್ಡಿ ಅಂಕಲ್. ಬ್ಯಾಂಕಿನಿಂದ ನಿವೃತ್ತಿಯಾಗಿ ಬಹಳ ವರ್ಷ ಆಯಿತು. ಅವರ ಗಾಡಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂಕಲ್ ಇನ್ನೂ ಬಾಗಿಲು ಹಾಕಿಲ್ಲ. ಯಾವ ಮನೆಯ ಮುಂದೆ ಯಾರ ಗಾಡಿ ಒಂದು ಕೆಮ್ಮು ಕೆಮ್ಮಿದರೂ, ಪಂಚೆ ಎತ್ತಿ ಕಟ್ಟಿಕೊಂಡು ಅಲ್ಲಿ ಹಾಜರು.

"ಪ್ಲಗ್ ಬಿಚ್ಚು."

ಇದೊಂದೇ ಔಷಧ. ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಪ್ಲಗ್ ಬಿಚ್ಚು. ಸ್ಟಾರ್ಟ್ ಆಗಿ ನಿಲ್ತಿದೆಯಾ? ಪ್ಲಗ್ ಬಿಚ್ಚು. ಹಾರ್ನ್ ಹೊಡೆಯುತ್ತಿಲ್ಲ ಅಂದಾಗಲೂ ಒಂದು ಕ್ಷಣ ಯೋಚಿಸಿ, "ಎದಕ್ಕೂ ಪ್ಲಗ್ ಒಂದ್ಸಲ ನೋಡಿಬಿಡಯ್ಯಾ" ಅಂದಿದ್ದರು. ಅವರ ಕಾಲಕ್ಕೆ ಅದು ಸರಿಯಾದ ಮಾತೇ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಆಯಿಲ್ ಸುಟ್ಟು ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಬಿಚ್ಚಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಮತ್ತೆ ಕಿಡಿ. ನನ್ನದು 2021ರ ಗಾಡಿ. ಕಾರ್ಬ್ಯುರೇಟರೂ ಇಲ್ಲ, ಚೋಕೂ ಇಲ್ಲ, ಎಲ್ಲ ಫ್ಯೂಯಲ್ ಇಂಜೆಕ್ಷನ್. ಅದನ್ನು ಹೇಳಿದರೆ ಅವರು ನನ್ನನ್ನು, ಮಗನಿಗೆ ಅನ್ನದ ಬದಲು ಬರೀ ಇಂಜೆಕ್ಷನ್ ಕೊಡಿಸುತ್ತಿರುವ ಅಪ್ಪನನ್ನು ನೋಡಿದ ಹಾಗೆ ನೋಡುತ್ತಾರೆ.

ಕಳೆದ ತಿಂಗಳು ಎದುರುಮನೆ ಹುಡುಗಿಯ ಎಲೆಕ್ಟ್ರಿಕ್ ಸ್ಕೂಟರ್ ಕೈಕೊಟ್ಟಿತು. ಅಂಕಲ್ ಬಂದರು. ಒಂದು ಸುತ್ತು ಹೊಡೆದರು. ಬಗ್ಗಿದರು. ಸೀಟು ಎತ್ತಿಸಿದರು. ಮತ್ತೆ ಬಗ್ಗಿದರು. ಕೊನೆಗೆ ಕೇಳಿಯೇಬಿಟ್ಟರು, "ಪ್ಲಗ್ ಎಲ್ಲಮ್ಮಾ?"

"ಅಲ್ಲಿ, ಗೋಡೇಲಿ ಇದೆ ಅಂಕಲ್" ಅಂದಳು ಹುಡುಗಿ.

ಅಂಕಲ್ ಹೋಗಿ ಗೋಡೆ ನೋಡಿದರು. ಸ್ವಿಚ್ ಆಫ್ ಆಗಿತ್ತು. ರಾತ್ರಿಯಿಡೀ ಚಾರ್ಜೇ ಆಗಿಲ್ಲ. ನಮ್ಮ ದುರದೃಷ್ಟ ನೋಡಿ, ತೊಂದರೆ ನಿಜವಾಗಿಯೂ ಪ್ಲಗ್ಗಿನಲ್ಲೇ ಇತ್ತು! ಅವತ್ತಿನಿಂದ ಅವರನ್ನು ಹಿಡಿಯುವವರಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಅವರು ಯೆಜ್ಡಿ ಹೊರಗೆ ತರುತ್ತಾರೆ. ಅದರಲ್ಲಿ ಕಿಕ್ಕರ್, ಗೇರ್ ಎರಡೂ ಒಂದೇ ಲಿವರ್. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ಮೊಣಕಾಲು ನೋವಿನಿಂದ ಈಗೀಗ ಒದೆಯಲು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. ಸ್ಟಾರ್ಟ್ ಆದಮೇಲೆ ಹತ್ತು ನಿಮಿಷ ಸುಮ್ಮನೆ ನಿಂತು ಆ ಡಬಡಬ ಕೇಳುತ್ತಾರೆ, ಎಲ್ಲಿಗೂ ಹೋಗುವುದಿಲ್ಲ. ಒಮ್ಮೆ ಟ್ಯಾಂಕ್ ಒರೆಸುತ್ತಾ, "ಜೋಗಕ್ಕೆ ನಾಲ್ಕು ಗಾಡಿ ಹೋಗಿದ್ವಿ ಕಣಯ್ಯಾ. ಈಗ ಇದೊಂದೇ ಓಡ್ತಿರೋದು" ಅಂದರು. ಗಾಡಿಗಳ ಬಗ್ಗೆಯೇ ಹೇಳಿದರು ಅಂದುಕೊಂಡೆ. ಮತ್ತೆ ಕೇಳಲಿಲ್ಲ.

ಇವತ್ತಿನ ಕಥೆಗೂ ಕಾರಣ ಅವರೇ. ಪೆಟ್ರೋಲ್ ಮೀಟರಿನಲ್ಲಿ ಕೊನೆಯ ಗೆರೆ ಮಿಣಮಿಣ ಅನ್ನುತ್ತಿದೆ ಅಂತ ನಿನ್ನೆ ಸಂಜೆ ಅವರ ಮುಂದೆ ಬಾಯಿ ತಪ್ಪಿ ಹೇಳಿದೆ. "ರಿಸರ್ವಿಗೆ ಬಿದ್ಮೇಲೆ ನಲವತ್ತು ಕಿಲೋಮೀಟರ್ ಬರುತ್ತೆ, ಆರಾಮಾಗಿ ಹೋಗು" ಅಂದರು. ಅವರ ಗಾಡಿಯಲ್ಲಿ ರಿಸರ್ವಿಗೆ ತಿರುಗಿಸುವ ಕಾಕ್ ಇದೆ. ನನ್ನದರಲ್ಲಿ ಆ ಕಾಕೇ ಇಲ್ಲ, ಮಿಣಮಿಣ ಒಂದೇ. ಅದೂ ಅಲ್ಲದೆ ಇಂಜೆಕ್ಷನ್ ಗಾಡಿಯ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಿರಬೇಕು, ಪೂರಾ ಖಾಲಿ ಮಾಡಬಾರದು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವರು ಹೇಳಿದ ಧಾಟಿಗೆ ಮರುಳಾದೆ.

ಸಾರಕ್ಕಿ ದಾಟಿದ ಕೂಡಲೇ ಗಾಡಿ ಎರಡು ಸಲ ಜಗ್ಗಿ ನಿಂತಿತು. ಲೈಟೂ ಆರಿತು. ಇಡೀ ಬೆಳಗಿನಲ್ಲಿ ಅದು ಆರಿದ್ದು ಆಗಲೇ, ಹೇಳೋಣ ಅಂದರೆ ಆ ನಾಲ್ವರಲ್ಲಿ ಒಬ್ಬರೂ ಹತ್ತಿರ ಇಲ್ಲ.

ಬಸ್ ಸ್ಟಾಪಿನ ಹತ್ತಿರ ತಳ್ಳಿಕೊಂಡು ಹೋದೆ. ಅರ್ಧ ನಿಮಿಷದಲ್ಲಿ ವೈದ್ಯರ ಮಂಡಳಿ ಸೇರಿತು. "ಎಡಕ್ಕೆ ಮಲಗಿಸಿ ಎತ್ತಿ ಸಾರ್, ಆ ಕಡೆ ಇರೋ ಪೆಟ್ರೋಲ್ ಈ ಕಡೆ ಬರುತ್ತೆ" ಅಂದರು ಒಬ್ಬರು. ಮಲಗಿಸಿದೆ. ಲಂಚ್ ಬಾಕ್ಸಿನ ಸಾರು ಆ ಕಡೆಯಿಂದ ಈ ಕಡೆ ಬಂತು. ಇನ್ನೊಬ್ಬರು ಕೆಂಪು ಸ್ವಿಚ್ ಒತ್ತಿ ನೋಡಿ ಅಂದರು. ಒತ್ತಿದೆ. ಮತ್ತೊಬ್ಬರು ಟ್ಯಾಂಕಿನ ಮುಚ್ಚಳ ತೆಗೆದು ಬಾಯಿಂದ ಊದಿ ಅಂದರು. ಅದನ್ನು ಮಾಡಲಿಲ್ಲ, ಆಫೀಸಿನಲ್ಲಿ ಹತ್ತಕ್ಕೆ ಮೀಟಿಂಗ್ ಇತ್ತು. ಇಷ್ಟರ ಮಧ್ಯೆ ಒಬ್ಬರು ಶಾಂತವಾಗಿ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಕೊಡುತ್ತೆ?" ಅಂದರು. ನಿಂತ ಗಾಡಿಯ ಮೈಲೇಜ್ ಕೇಳುವವರಿಗೆ ಏನು ಹೇಳಬೇಕು? "ಸದ್ಯಕ್ಕೆ ಏನೂ ಕೊಡ್ತಿಲ್ಲ" ಅಂದೆ. ಅವರು ತಲೆಯಾಡಿಸಿ, "ಸರ್ವೀಸ್ ಮಾಡ್ಸಿ" ಅಂದರು.

ಆಗ ಡೆಲಿವರಿ ಬ್ಯಾಗ್ ಹೊತ್ತ ಹುಡುಗನೊಬ್ಬ ಬಂದು ನಿಂತ. ಹೆಲ್ಮೆಟ್ಟಿನ ಗಾಜು ಇಳಿದಿತ್ತು, ಮುಖ ಕಾಣಲಿಲ್ಲ. "ಪೆಟ್ರೋಲಾ ಅಂಕಲ್? ನ್ಯೂಟ್ರಲ್‌ಗೆ ಹಾಕಿ ಕೂತ್ಕೊಳ್ಳಿ" ಅಂದ. ಅಂಕಲ್ ಅಂದಿದ್ದು ಚುಚ್ಚಿತು, ಆದರೆ ಅದನ್ನು ವಿಚಾರಿಸುವ ಹೊತ್ತಲ್ಲ. ಹಿಂದೆ ಬಂದು ನನ್ನ ಗಾಡಿಯ ಬಲಗಡೆ ಫುಟ್‌ರೆಸ್ಟಿಗೆ ತನ್ನ ಎಡಗಾಲು ಕೊಟ್ಟು ತಳ್ಳತೊಡಗಿದ. ಸದ್ದೇ ಇಲ್ಲ. ಅವನದು ಎಲೆಕ್ಟ್ರಿಕ್ ಸ್ಕೂಟರ್! ಪೆಟ್ರೋಲ್ ಗಾಡಿಯನ್ನು ಕರೆಂಟಿನ ಗಾಡಿ ಪೆಟ್ರೋಲ್ ಬಂಕಿಗೆ ಕರೆದುಕೊಂಡು ಹೋಗುತ್ತಿದೆ. ಯೆಜ್ಡಿ ಅಂಕಲ್ ನೋಡಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು.

ಹೀಗೆ ತಳ್ಳಿಸಿಕೊಳ್ಳುವುದು ತಪ್ಪು, ಅಪಾಯ ಅಂತ ಗೊತ್ತು. ಹ್ಯಾಂಡಲ್ ನನ್ನ ಕೈಯಲ್ಲಿ, ವೇಗ ಅವನ ಕಾಲಲ್ಲಿ. ಉಬ್ಬು ಬಂದರೆ ನಾನು "ಹಂಪೂ..." ಅಂತ ಕೂಗುವುದು, ಅವನು "ಹ್ಞಾಂ" ಅನ್ನುವುದು. ನಮ್ಮಿಬ್ಬರ ಸ್ನೇಹದ ಪೂರ್ತಿ ಸಂಭಾಷಣೆ ಅಷ್ಟೇ. ಬಂಕಿನ ಮುಂದೆ ಬ್ಯಾಗಿನಿಂದ ಐವತ್ತು ರೂಪಾಯಿ ತೆಗೆಯುವಷ್ಟರಲ್ಲಿ, "ಆರ್ಡರ್ ಲೇಟಾಗುತ್ತೆ" ಅಂತ ಹೊರಟೇಬಿಟ್ಟ. ನನ್ನನ್ನು ತಳ್ಳಿದ ಆ ಐದು ನಿಮಿಷಕ್ಕೆ ಅವನು ಯಾರಿಂದ ಬೈಸಿಕೊಂಡನೋ.

ಪೆಟ್ರೋಲ್ ಹಾಕಿಸಿ, ಕೀ ತಿರುಗಿಸಿ, ಪಂಪು ಗುಂಯ್ ಅಂದಮೇಲೆ ಸ್ಟಾರ್ಟ್ ಮಾಡಿ ಹೊರಟೆ. ಬನಶಂಕರಿ ಸಿಗ್ನಲ್ಲಿನಲ್ಲಿ ಅವನೇ ಪಕ್ಕದಲ್ಲಿ ನಿಂತಿದ್ದ. ಬ್ಯಾಗ್ ನೋಡಿ ಗುರುತು ಹಿಡಿದೆ. ಥ್ಯಾಂಕ್ಸ್ ಹೇಳಬೇಕು ಅಂತ ಹೆಲ್ಮೆಟ್ ಗಾಜು ಎತ್ತಿದೆ. ಅವನೂ ನನ್ನನ್ನು ನೋಡಿದ. ನನ್ನ ಗಾಡಿಯ ಮುಂಭಾಗ ನೋಡಿದ. ನಿಧಾನಕ್ಕೆ ಎಡಗೈ ಎತ್ತಿದ. ಐದು ಬೆರಳು ಕೂಡಿದವು, ಅರಳಿದವು, ಮತ್ತೆ ಕೂಡಿದವು.

2017ರ ಏಪ್ರಿಲ್ ನೆನಪಿಗೆ ಬಂತು. ನುಂಗಿಕೊಂಡೆ. "ಓ, ಹೌದಲ್ವಾ!" ಅನ್ನುವಂತೆ ತಲೆ ಆಡಿಸಿ, ಇಲ್ಲದ ಸ್ವಿಚ್ಚನ್ನು ಆರಿಸುವವನ ಹಾಗೆ ಹೆಬ್ಬೆರಳು ಒತ್ತಿದೆ. ಒತ್ತಿದ್ದು ಹಾರ್ನಿಗೆ.

ಮುಂದಿನ ಸ್ಕೂಟರಿನವರು ರಪ್ಪನೆ ತಿರುಗಿದರು. "ಏನ್ರೀ ಅರ್ಜೆಂಟು? ರೆಡ್ ಇರೋದು ಕಾಣ್ಸಲ್ವಾ?" ಅಂದರು. ಆಮೇಲೆ ಕಣ್ಣು ಕೆಳಗೆ ಇಳಿಸಿ, "ಬೆಳ್‌ಬೆಳಿಗ್ಗೆ ಲೈಟ್ ಬೇರೆ ಹಾಕ್ಕೊಂಡು!"