ಮಗನಿಗಿಂತ ಚಿಕ್ಕ ಅಪ್ಪ

ಮಕ್ಕಳಿಲ್ಲದವರು ದತ್ತು ಮಗನನ್ನು ಹುಡುಕುವುದು ಲೋಕರೂಢಿ. ಕ್ರಿ.ಪೂ. 59ರ ರೋಮ್‌ನಲ್ಲಿ ಮಾತ್ರ ಮಗನೇ ದತ್ತು ಅಪ್ಪನನ್ನು ಹುಡುಕಿಕೊಂಡು ಹೋದ. ಮಗ ಪುಬ್ಲಿಯಸ್ ಕ್ಲೋಡಿಯಸ್ ಪುಲ್ಕರ್‌ಗೆ ಮೂವತ್ತು ದಾಟಿತ್ತು. ಅಪ್ಪ ಫೊಂಟೇಯಸ್‌ಗೆ ಇಪ್ಪತ್ತರ ಆಸುಪಾಸು.

ಹಾಗಂತ ಕ್ಲೋಡಿಯಸ್‌ಗೆ ಮನೆತನದ ಕೊರತೆ ಏನಿರಲಿಲ್ಲ. ಹೆತ್ತಪ್ಪ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಆಗಿದ್ದವನು. ವಂಶವೋ, ಕ್ಲಾಡಿಯಸ್‌ಗಳದ್ದು. ಹಿರೀಕರಲ್ಲಿ ಒಬ್ಬ ಕ್ರಿ.ಪೂ. 312ರಲ್ಲಿ ಅಪ್ಪಿಯನ್ ಹೆದ್ದಾರಿ ಹಾಕಿಸಿದ. ಇನ್ನೊಬ್ಬನ ಕಥೆ ಇನ್ನೂ ಚೆನ್ನ. ಯುದ್ಧಕ್ಕೆ ಮುಂಚೆ ಶಕುನದ ಕೋಳಿಗಳು ಕಾಳು ಮುಟ್ಟಲಿಲ್ಲ. 'ತಿನ್ನದಿದ್ರೆ ಕುಡೀಲಿ' ಅಂತ ಅವನ್ನು ಸಮುದ್ರಕ್ಕೆ ಎಸೆದ. 90ಕ್ಕೂ ಹೆಚ್ಚು ಹಡಗು ಕಳೆದುಕೊಂಡು ಬಂದ. ಮುಂದೊಂದು ದಿನ ಅವನ ಸೋದರಿಯ ಗಾಡಿ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿತಂತೆ. 'ಅವನು ಬದುಕಿದ್ದಿದ್ರೆ ಇನ್ನೊಂದಿಷ್ಟು ಜನರನ್ನ ಮುಳುಗಿಸಿರ್ತಿದ್ದ' ಎಂದಳು. ಅದಕ್ಕೆ ದಂಡ ಬಿತ್ತು. ಬಡವರ ಮೇಲೆ ಈ ಮನೆಯವರ ಪ್ರೀತಿ ಅಂಥದ್ದು.

ನಮ್ಮ ಹುಡುಗನೂ ಕಡಿಮೆಯೇನಲ್ಲ. ಭಾವ ಲೂಕುಲ್ಲಸ್‌ನ ಸೈನ್ಯಕ್ಕೆ ಸೇರಿ, ಸೈನಿಕರನ್ನು ಭಾವನ ಮೇಲೇ ಎತ್ತಿಕಟ್ಟಿದ. ಕಡಲ್ಗಳ್ಳರಿಗೆ ಸಿಕ್ಕಿಬಿದ್ದಾಗ ಸೈಪ್ರಸ್‌ನ ರಾಜ ಬಿಡುಗಡೆಗೆ ಕಳಿಸಿದ್ದು ಬರೀ 2 ಟ್ಯಾಲೆಂಟ್ (ಆ ಕಾಲದ ಹಣದ ಅಳತೆ). ಕಳ್ಳರಿಗೇ ಮುಜುಗರವಾಗಿರಬೇಕು, ಹಣ ಮುಟ್ಟದೆ ಸುಮ್ನೆ ಬಿಟ್ಟುಕಳಿಸಿದರು! ಕ್ರಿ.ಪೂ. 62ರಲ್ಲಿ ಸೀಸರ್‌ನ ಮನೆಯಲ್ಲಿ ಹೆಂಗಸರಷ್ಟೇ ಮಾಡುವ ಪೂಜೆಗೆ ಹೆಣ್ಣುವೇಷದಲ್ಲಿ ನುಗ್ಗಿದ. ದನಿ ಗುಟ್ಟು ಬಿಟ್ಟುಕೊಟ್ಟಿತು. ವಿಚಾರಣೆಯಲ್ಲಿ, ಆ ಹೊತ್ತಿಗೆ ನಾನು ಊರಲ್ಲೇ ಇರಲಿಲ್ಲ ಎಂದ. ಹೆಸರಾಂತ ವಾಗ್ಮಿ ಸಿಸೆರೊ ಬಂದು 'ಅವತ್ತು ನಮ್ಮನೆಗೆ ಬಂದಿದ್ದನಲ್ಲ' ಎಂದು ಸಾಕ್ಷಿ ಹೇಳಿದ. ಆದರೂ 25 ವಿರುದ್ಧ 31 ಮತಗಳಿಂದ ಬಿಡುಗಡೆಯಾಯಿತು. ಹೇಗೆ ಅಂತ ಬಿಡಿಸಿ ಹೇಳಬೇಕಾ?

ಸಿಸೆರೊ ಮೇಲೆ ಸೇಡು ತೀರಿಸಿಕೊಳ್ಳಬೇಕು. ಅದಕ್ಕೆ ಟ್ರಿಬ್ಯೂನ್ ಹುದ್ದೆ ಬೇಕು, ಅಂದರೆ ಕಾನೂನು ತರಬಲ್ಲ ಜನಪ್ರತಿನಿಧಿಯ ಹುದ್ದೆ. ಆದರೆ ಅದು ಪ್ಲೀಬಿಯನ್ನರಿಗೆ, ಅಂದರೆ ಸಾಮಾನ್ಯರಿಗೆ ಮೀಸಲು. ಶ್ರೀಮಂತ ಕುಲದಲ್ಲಿ ಹುಟ್ಟಿದ ತಪ್ಪಿಗೆ ಪಾಪ, ಅರ್ಜಿ ಹಾಕುವಂತಿಲ್ಲ. ಹಾಗಾಗಿ ಪ್ಲೀಬಿಯನ್ ಅಪ್ಪನೊಬ್ಬನನ್ನು ಗೊತ್ತು ಮಾಡಿದ್ದಾಯಿತು. ದತ್ತಕ್ಕೆ ಮೂರು ಸಂತೆ ಮೊದಲೇ ನೋಟಿಸ್ ಕೊಡಬೇಕು, ಪುರೋಹಿತರು ವಿಚಾರಣೆ ಮಾಡಬೇಕು. ಆದರೆ ಮುಖ್ಯ ಪುರೋಹಿತ ಯಾರು? ಸೀಸರ್. ಕಾನ್ಸಲ್ ಯಾರು? ಅವನೇ. ಶಕುನ ನೋಡಲು ಸೇನಾನಿ ಪಾಂಪೇ ನಿಂತಿದ್ದ. ಸಿಸೆರೊ ಕೊಡುವ ಲೆಕ್ಕ ಕೇಳಿ: ಹಗಲಿನ ಆರನೇ ತಾಸಿಗೆ ನಾನು ಕೋರ್ಟಿನಲ್ಲಿ ಸರ್ಕಾರವನ್ನು ಬೈದೆ, ಒಂಬತ್ತನೇ ತಾಸಿಗೆ ಅವನ ದತ್ತು ಮುಗಿದಿತ್ತು. ಮೂರೇ ತಾಸು! ಸರ್ಕಾರಿ ಕೆಲಸ ನಿಧಾನ ಅಂತ ಯಾರು ಹೇಳಿದ್ದು?

ಮುಗಿದ ಕೂಡಲೇ ಅಪ್ಪ ಮಗನಿಗೆ ತನ್ನ ಅಧಿಕಾರದಿಂದ ಬಿಡುಗಡೆಯನ್ನೂ ಕೊಟ್ಟ. ಮಗ ಅಪ್ಪನ ಹೆಸರು ಕೂಡ ಇಟ್ಟುಕೊಳ್ಳಲಿಲ್ಲ. ಮರುವರ್ಷ ಟ್ರಿಬ್ಯೂನ್ ಆಗಿ ಜನರಿಗೆ ಪುಕ್ಕಟೆ ಧಾನ್ಯ ಹಂಚಿದ. ಸಿಸೆರೊನನ್ನು ಗಡೀಪಾರಿಗೆ ಅಟ್ಟಿ, ಅವನ ಮನೆ ಕೆಡವಿಸಿ, ಆ ಜಾಗದಲ್ಲಿ ಸ್ವಾತಂತ್ರ್ಯ ದೇವತೆಗೆ ಗುಡಿ ಎಬ್ಬಿಸಿದ. ಈ ಸಾಮಾನ್ಯರ ಮಗ ಕೊನೆಗಾಲದಲ್ಲಿ ವಾಸವಿದ್ದ ಮನೆಯ ಬೆಲೆಯನ್ನು ರೋಮನ್ ಲೇಖಕ ಪ್ಲೀನಿ ಬರೆದಿಟ್ಟಿದ್ದಾನೆ: 1 ಕೋಟಿ 48 ಲಕ್ಷ ಸೆಸ್ಟರ್ಸ್ ನಾಣ್ಯ.