ವಿಜಯಪುರದಲ್ಲಿ ಮೈನಸ್ ನಲವತ್ತು

ಏಪ್ರಿಲ್ ತಿಂಗಳು, ವಿಜಯಪುರದ ಮಧ್ಯಾಹ್ನ. ಬಾನೆಟ್ಟಿಗೆ ಕೈಯಿಟ್ಟರೆ ಬೆರಳಚ್ಚು ಅಲ್ಲೇ ಉಳಿಯುವಂಥ ಬಿಸಿಲು. ಕಾರಿನ ಚೆಕ್ ಎಂಜಿನ್ ದೀಪ ಹೊತ್ತಿದೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಬರುವ ದೋಷದ ಕೋಡ್ ಪಿ0118. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ, ತಾಪಮಾನ: −40 ಡಿಗ್ರಿ! ಸಿಯಾಚಿನ್ನಿನ ಚಳಿ ನಮ್ಮ ಅಂಗಳಕ್ಕೇ ಬಂದಿದೆ. ಮೂಗಿನ ತುದಿಯಿಂದ ಮಾತ್ರ ಬೆವರು ತೊಟ್ಟಿಕ್ಕುತ್ತಿದೆ.

ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಕಾಕಾ. "ಸೆನ್ಸಾರ್ ಹೋಗೇತ್ರಿ. ಹೊಸಾದು ಹಾಕ್ರಿ." ಬಾನೆಟ್ ಇನ್ನೂ ತೆರೆದಿಲ್ಲ. ಇಂಥ ಕಾಕಾ ಓಣಿಗೊಬ್ಬರು.

ಕಾಕಾರೇ, ಕೋಡ್ ದೂರುವುದು ತಂತಿ, ಕನೆಕ್ಟರ್ ಸೇರಿದ ಇಡೀ ಸರ್ಕ್ಯೂಟನ್ನು, ಕೂಲಂಟಿನ ಬಿಸಿ ಅಳೆಯುವ ಬರೀ ಸೆನ್ಸಾರನ್ನಲ್ಲ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು 5 ವೋಲ್ಟ್ ಕಳಿಸುತ್ತದೆ. ಬಿಸಿ ಏರಿದಂತೆ ಸೆನ್ಸಾರಿನ ರೆಸಿಸ್ಟೆನ್ಸ್ ಇಳಿದು ಆ ವೋಲ್ಟೇಜೂ ಇಳಿಯಬೇಕು. ತಂತಿ ಕಡಿದಿದ್ದರೆ 5 ವೋಲ್ಟ್ ಹಾಗೇ ನಿಂತು, ಪಾಪ, ಇಸಿಯು ಹಿಮ ಬಿದ್ದಿದೆ ಅಂದುಕೊಳ್ಳುತ್ತದೆ.

ಪರೀಕ್ಷೆಗೆ ಒಂದು ತುಂಡು ತಂತಿ ಸಾಕು. ಸೆನ್ಸಾರಿನ ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ ಕೂಡಿಸಿ, ಕೀ ಆನ್ ಮಾಡಿ. −40 ಇದ್ದದ್ದು 120 ದಾಟಿ ಓಡಿದರೆ ತಂತಿ ಸರಿ, ಸೆನ್ಸಾರೇ ಕೆಟ್ಟಿದೆ. ಕದಲದಿದ್ದರೆ ತಂತಿಯ ಜಾಡು ಹಿಡಿಯಿರಿ. ಮೂರು ತಂತಿಯ ಸೆನ್ಸಾರಿನಲ್ಲಿ ಈ ಸರ್ಕಸ್ ಬೇಡ.

ಕಾಕಾನ ಎರಡನೇ ಅಸ್ತ್ರ: "ಬ್ಯಾಟರಿ ವೈರ್ ತಗದು ಹತ್ತ್ ಮಿನಿಟ್ ಬಿಡ್ರಿ!" ದೀಪವೇನೋ ಆರುತ್ತದೆ, ಕಾಕಾ ಮೀಸೆ ತಿರುವುತ್ತಾರೆ. ಆದರೆ ಕೋಡ್ ಬಿದ್ದ ಗಳಿಗೆಯ ವೇಗ, ಆರ್‌ಪಿಎಂ ಬರೆದಿಟ್ಟ ಫ್ರೀಜ್ ಫ್ರೇಮೂ ಅಳಿಸಿಹೋಗುತ್ತದೆ. ಕಳ್ಳ ಸಿಗುವ ಮೊದಲೇ ಅಂಗಳ ಸಾರಿಸಿದ ಹಾಗೆ. ಸಂಜೆಯೊಳಗೆ ಗೋಳಗುಮ್ಮಟದ ಪ್ರತಿಧ್ವನಿಯಂತೆ ದೀಪ ಮರಳುತ್ತದೆ. ಕಾಕಾ ಮರಳುವುದಿಲ್ಲ.

ತಂತಿಯ ಜಾಡು ಹಿಡಿಯುವುದು ಹೀಗೆ: ಸ್ಕ್ಯಾನರಿನಲ್ಲಿ ಲೈವ್ ಡೇಟಾ, ಅಂದರೆ ಆ ಕ್ಷಣದ ಅಂಕಿ, ನೋಡುತ್ತ ತಂತಿಯನ್ನು ಗೇಣುಗೇಣಾಗಿ ಅಲುಗಾಡಿಸಿ. ಅಂಕಿ ಜಿಗಿದ ಜಾಗದಲ್ಲಿ ಇಲಿಯ ಹಲ್ಲೋ, ಪಿನ್ನಿನ ಹಸಿರು ಕಿಲುಬೋ ಇರುತ್ತದೆ. ತಂತಿ ತಿರುವಿ ಕರಿ ಟೇಪ್ ಸುತ್ತಬೇಡಿ. ನಮ್ಮೂರ ಬಿಸಿಲಿಗೆ ಅದರ ಅಂಟು ಬೆಲ್ಲದ ಪಾಕವಾಗುತ್ತದೆ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗಿ ತಂತಿಯನ್ನು ಅಪ್ಪುವ ಹೀಟ್ ಶ್ರಿಂಕ್ ಕೊಳವೆ. ಕೊಳವೆಯನ್ನು ಮೊದಲೇ ತೂರಿಸಿಡಬೇಕು ಎಂಬುದು ಬೆಸುಗೆ ಆರಿದ ಮೇಲೆಯೇ ನೆನಪಾಗುವುದು!

ಕಾರ್ಬ್ಯುರೇಟರ್ ಜೀಪಿನ ಕಾಲದ ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡಿಕೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಎಂಜಿನ್ನಿನ ಎದೆ ಕೇಳುತ್ತಿದ್ದ. ಆ ಮೌನದಲ್ಲಿ ಯಾರೂ ಸಲಹೆ ಕೊಡುತ್ತಿರಲಿಲ್ಲ.

ಕೊನೆಯ ತಾಳೆ ಮರುದಿನ ಬೆಳಿಗ್ಗೆ, ತಣ್ಣಗಿರುವ ಎಂಜಿನ್ನಿನಲ್ಲಿ: ಕೂಲಂಟಿನ ಅಂಕಿಯೂ ಹೊರಗಿನ ಹವೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. 27 ಡಿಗ್ರಿ. ಸರಿಯಾಗಿದೆ. ಕಂಪೌಂಡಿನ ಆಚೆಯಿಂದ ದನಿ:

"ಹೊಸಾ ಸೆನ್ಸಾರ್ ಹಾಕಿದ್ರಿಲ್ಲೋ? ನಾ ಹೇಳಿದ್ದೆ!"